ಪುರುಷ ರೂಪದರ್ಶಿಗೆ ಯಾವ ಬೆಳಕು? ಕಿಟಕಿ, ನೆರಳಿನಂಚು, ಬಿಸಿಲು, ಸಂಜೆ, ಮೋಡ

ಫ್ಯಾಷನ್ ಛಾಯಾಗ್ರಹಣ ಕಲಿಯಲು ಹೊರಟವರ ಕಿವಿಗೆ ಮೊದಲು ಬೀಳುವ ಉಪದೇಶ, ಮೃದುವಾದ ಬೆಳಕೇ ಒಳ್ಳೆಯ ಬೆಳಕು ಎಂಬುದು. ಗಂಡಸೊಬ್ಬನಿಗೆ ಕೋಟು ತೊಡಿಸಿ ಕ್ಯಾಮೆರಾದ ಎದುರು ನಿಲ್ಲಿಸಿದಾಗ ಈ ಮಾತು ಅರ್ಧದಷ್ಟೇ ನಿಜವಾಗುತ್ತದೆ. ಅವನ ಮುಖದಲ್ಲಿ ನಮಗೆ ಬೇಕಾದುದು ದವಡೆಯ ಗೆರೆ, ಕೆನ್ನೆಮೂಳೆ, ಕುರುಚಲು ಗಡ್ಡದ ಒರಟುತನ. ಬಟ್ಟೆಯಲ್ಲಿ ಬೇಕಾದುದು ನೇಯ್ಗೆ, ಹೊಲಿಗೆ, ಭುಜದ ಕಟ್ಟು. ಇವೆಲ್ಲ ಪಕ್ಕದಲ್ಲಿ ಒಂದಿಷ್ಟು ನೆರಳಿದ್ದರೆ ಮಾತ್ರ ಕಣ್ಣಿಗೆ ಕಾಣುತ್ತವೆ. ಹಾಗಾಗಿ ನಾನು ಬೆಳಕನ್ನು ತೂಗುವಾಗ ಅದು ಎಷ್ಟು ಮೃದು ಎಂದು ಕೇಳುವುದಿಲ್ಲ. ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕೇಳುತ್ತೇನೆ.

ಹೋಲಿಕೆ ನ್ಯಾಯವಾಗಿರಲಿ ಎಂದು ಬೆಳಕೊಂದನ್ನು ಬಿಟ್ಟು ಉಳಿದುದನ್ನೆಲ್ಲ ಒಂದೇ ರೀತಿ ಇಟ್ಟುಕೊಂಡೆ. ಒಬ್ಬನೇ ರೂಪದರ್ಶಿ, ಗೋಧಿ ಬಣ್ಣಕ್ಕಿಂತ ತುಸು ಕಪ್ಪು ಮೈಬಣ್ಣ, ಎರಡು ದಿನದ ಗಡ್ಡ, ಕಣ್ಣುಗಳು ಸ್ವಲ್ಪ ಒಳಸೇರಿದ ಮುಖ. ಬೂದು ಉಣ್ಣೆಯ ಸೂಟು, ಬಿಳಿ ಲಿನನ್ ಷರ್ಟು, ಕಡುನೀಲಿ ಕೋಟು, ಕಪ್ಪು ಚರ್ಮದ ಜಾಕೆಟ್, ಇಷ್ಟು ಉಡುಪು. ಫುಲ್ ಫ್ರೇಮ್ ಕ್ಯಾಮೆರಾ, 85 ಮಿಲಿಮೀಟರ್ ಲೆನ್ಸ್. ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆಯನ್ನು, ಹಗಲು ಬೆಳಕಿನ 5500 ಕೆಲ್ವಿನ್‌ಗೆ ಕಟ್ಟಿಹಾಕಿದ್ದೆ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ತಾನೇ ಬಣ್ಣ ತಿದ್ದಿ ಎಲ್ಲ ಬೆಳಕುಗಳನ್ನೂ ಒಂದೇ ಥರ ಮಾಡಿಬಿಡುತ್ತದೆ. ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ಮೊದಲು ಕಿಟಕಿ. ನೇರ ಬಿಸಿಲು ಬೀಳದ, ಆಕಾಶ ಮಾತ್ರ ಕಾಣುವ ದೊಡ್ಡ ಕಿಟಕಿ. ಚಿತ್ರಕಾರರು ಸ್ಟುಡಿಯೋಗಳಿಗೆ ಇಂಥದ್ದನ್ನೇ ಹುಡುಕುತ್ತಿದ್ದರು. ಉತ್ತರಾರ್ಧಗೋಳದಲ್ಲಿ ಅದು ಉತ್ತರಕ್ಕೆ ಮುಖ ಮಾಡಿದ ಕಿಟಕಿ. ಫ್ಯಾಷನ್ ಛಾಯಾಗ್ರಾಹಕ ಇರ್ವಿಂಗ್ ಪೆನ್ 1948ರಲ್ಲಿ ಪೆರುವಿನ ಕುಸ್ಕೋ ಊರಿಗೆ ಹೋದಾಗ ಸ್ಥಳೀಯ ಛಾಯಾಗ್ರಾಹಕರೊಬ್ಬರ ಹಗಲು ಬೆಳಕಿನ ಸ್ಟುಡಿಯೋವನ್ನೇ ಬಾಡಿಗೆಗೆ ಹಿಡಿದಿದ್ದರು. ಆ ಬೆಳಕಿನ ಗುಣವೆಂದರೆ ಅದು ಪಕ್ಕದಿಂದ ಬರುತ್ತದೆ, ಮೇಲಿನಿಂದ ಬರುವುದಿಲ್ಲ. ಉಣ್ಣೆಯ ಸೂಟಿನ ಮೇಲೆ ಅದು ಬಟ್ಟೆಯನ್ನು ಸವರಿಕೊಂಡು ಹೋಗುವಾಗ ನೇಯ್ಗೆಯ ಒಂದೊಂದು ಎಳೆಯೂ ತನ್ನ ಪುಟ್ಟ ನೆರಳನ್ನು ಬೀರುತ್ತದೆ. ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಕಾಲರಿನ ಅಂಚಿನಲ್ಲಿ ಕೈಹೊಲಿಗೆಯ ಚುಕ್ಕೆಗಳು ಸಾಲಾಗಿ ಎದ್ದು ಕಂಡವು. ಅದೇ ಸೂಟು ಮೋಡದ ಕೆಳಗೆ ಬೂದು ಬಣ್ಣ ಬಳಿದ ರಟ್ಟಿನಂತೆ ಬಂದಿತ್ತು.

ಕಿಟಕಿಯ ಹತ್ತಿರ ಎಲ್ಲವೂ ದೂರದ ಮೇಲೆ ನಿಂತಿದೆ. ಅರ್ಧ ಮೀಟರಿನಲ್ಲಿ ನಿಲ್ಲಿಸಿದರೆ ಕಿಟಕಿಯ ಕಡೆಯ ಕೆನ್ನೆ ಹೊಳೆಯುತ್ತದೆ, ಆಚೆ ಭುಜ ಕತ್ತಲೆಯಲ್ಲಿ ಮುಳುಗುತ್ತದೆ. ಎರಡು ಮೀಟರಿಗೆ ಸರಿಸಿದರೆ ಎರಡು ಭುಜಗಳ ಅಂತರ ಕುಗ್ಗುತ್ತದೆ, ಆದರೆ ಬೆಳಕೂ ಇಳಿಯುತ್ತದೆ, ಕಿಟಕಿ ಮುಖಕ್ಕೆ ಚಿಕ್ಕದಾಗಿ ಕಂಡು ನೆರಳಿನ ಅಂಚು ಗಡುಸಾಗುತ್ತದೆ. ಮುಖ ಮಾತ್ರ ತೆಗೆಯುವಾಗ ಒಂದು ಮೀಟರ್, ಸೂಟಿನ ಪೂರ್ತಿ ಚಿತ್ರಕ್ಕೆ ಎರಡು ಮೀಟರ್ ನನಗೆ ಹಿಡಿಸಿತು. ತೊಂದರೆ ಎರಡು. ಒಂದು, ಕೋಣೆಯ ಬಲ್ಬು ಉರಿಯುತ್ತಿದ್ದರೆ ನೆರಳಿನ ಭಾಗ ಹಳದಿಗೆ ತಿರುಗುತ್ತದೆ. ಅದನ್ನು ಆಮೇಲೆ ತಿದ್ದುವುದು ಸಾಕುಬೇಕಾಗುವ ಕೆಲಸ, ಬಲ್ಬನ್ನು ಮೊದಲೇ ಆರಿಸುವುದು ಲೇಸು. ಇನ್ನೊಂದು, ತಲೆಯಿಂದ ಬೂಟಿನವರೆಗಿನ ಚಿತ್ರ. ಕಿಟಕಿಯ ಕೆಳಗಿನ ಗೋಡೆ ಮೊಣಕಾಲಿನ ಕೆಳಗೆ ಬೆಳಕನ್ನೇ ಬಿಡುವುದಿಲ್ಲ. ಬೂಟು ಮಾರುವ ಚಿತ್ರವಾದರೆ ಕಿಟಕಿಯನ್ನು ಮರೆತು ನೆಲದವರೆಗೆ ತೆರೆಯುವ ಬಾಗಿಲನ್ನು ಹುಡುಕಬೇಕು.

ಅಲ್ಲಿಂದ ಮುಂದಿನ ಆಯ್ಕೆಗೆ ಒಂದೇ ಹೆಜ್ಜೆ. ದೊಡ್ಡ ಬಾಗಿಲು, ಜಗಲಿ, ಕಾರು ನಿಲ್ಲಿಸುವ ಕಮಾನು, ಸೇತುವೆಯ ಅಡಿ, ಒಟ್ಟಿನಲ್ಲಿ ತಲೆಯ ಮೇಲೆ ಮುಚ್ಚಿಗೆ ಇದ್ದು ಎದುರು ತೆರೆದಿರುವ ಯಾವ ಜಾಗವಾದರೂ ಸರಿ. ಇದನ್ನು ನಾನು ನೆರಳಿನಂಚು ಎಂದು ಕರೆಯುತ್ತೇನೆ. ಬಯಲಿನಲ್ಲಿ ಕಟ್ಟಡದ ನೆರಳಿಗೆ ಹೋಗಿ ನಿಲ್ಲುವುದಕ್ಕೂ ಇದಕ್ಕೂ ಅಜಗಜಾಂತರ. ಬಯಲು ನೆರಳಿನಲ್ಲಿ ಬೆಳಕು ನೆತ್ತಿಯ ಮೇಲಿನ ನೀಲಿ ಆಕಾಶದಿಂದ ಇಳಿಯುತ್ತದೆ. ಗಂಡಸರಲ್ಲಿ ಹುಬ್ಬಿನ ಮೂಳೆ ಮುಂದೆ ಚಾಚಿರುವುದೇ ಹೆಚ್ಚಾದ್ದರಿಂದ ಕಣ್ಣುಗಳು ಗುಳಿಯೊಳಗೆ ಮಂಕಾಗುತ್ತವೆ. ಮೇಲೆ ಚಾವಣಿ ಬಂದ ಕೂಡಲೇ ಆ ಮೇಲ್ಬೆಳಕು ಕಡಿದುಹೋಗುತ್ತದೆ, ಉಳಿದದ್ದು ಎದುರಿನಿಂದ ಅಡ್ಡಡ್ಡವಾಗಿ ಬರುತ್ತದೆ. ರೂಪದರ್ಶಿ ಕಣ್ಣು ಕಿರಿದು ಮಾಡುವುದಿಲ್ಲ. ಎರಡು ಕಣ್ಣಿನಲ್ಲೂ ಅಗಲವಾದ ಬೆಳಕಿನ ಬಿಂಬ ಕೂರುತ್ತದೆ.

ಅಂಚಿನಿಂದ ಎಷ್ಟು ಒಳಗೆ ನಿಲ್ಲಿಸಬೇಕು ಎಂಬುದರಲ್ಲಿದೆ ಇದರ ಗುಟ್ಟು. ಒಂದೆರಡು ಹೆಜ್ಜೆ ಒಳಗಿದ್ದರೆ ಮುಖ ಬೆಳಗಿ ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ಇನ್ನೂ ಆಳಕ್ಕೆ ಹೋದರೆ ತೆರಪು ಚಿಕ್ಕದಾಗಿ ಬೆಳಕು ಸೊರಗುತ್ತದೆ. ಮುಖವನ್ನು ತೆರಪಿನ ಕಡೆಗೆ ನೇರ ತಿರುಗಿಸಿದರೆ ಚಪ್ಪಟೆ. ಮುಕ್ಕಾಲು ತಿರುಗಿಸಿದರೆ ಮೂಗಿನ ಆಚೆ ಪಕ್ಕ ಹದವಾದ ನೆರಳು ಬಿದ್ದು ದವಡೆ ಕತ್ತಿನಿಂದ ಬೇರ್ಪಡುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ರಲ್ಲಿ, ಎಫ್ 2.8ಕ್ಕೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು), ಸೆಕೆಂಡಿನ 200ನೇ ಒಂದು ಭಾಗದ ಆಸುಪಾಸಿನ ಷಟರ್ ಸಿಗುತ್ತಿತ್ತು. ಕೈಯಲ್ಲೇ ಹಿಡಿದು, ನಡೆದು ಬರುವ ಚಿತ್ರವನ್ನೂ ತೆಗೆಯಬಹುದು. ಕಿಟಕಿಯ ಬಳಿ ಅಷ್ಟು ವೇಗಕ್ಕೆ ಐಎಸ್ಒ ಏರಿಸಲೇಬೇಕಾಗಿತ್ತು.

ಎದುರಿನ ನೆಲವನ್ನು ನೋಡದೆ ಇಲ್ಲಿ ಕ್ಯಾಮೆರಾ ಎತ್ತಬಾರದು. ಬಿಸಿಲು ಬಿದ್ದ ನೆಲವೇ ಇಲ್ಲಿ ದೊಡ್ಡ ರಿಫ್ಲೆಕ್ಟರು. ತಿಳಿ ಬಣ್ಣದ ಕಾಂಕ್ರೀಟ್ ಇದ್ದರೆ ಗಲ್ಲದ ಅಡಿಯ ಕಪ್ಪು ತಾನೇ ಕರಗುತ್ತದೆ. ಹುಲ್ಲಿದ್ದರೆ ಗಲ್ಲದ ಅಡಿಗೆ ಹಸಿರು ಛಾಯೆ, ಕೆಮ್ಮಣ್ಣಿದ್ದರೆ ಕಿತ್ತಳೆ. ಬಿಳಿ ಲಿನನ್ ಷರ್ಟು ಈ ಚಾಡಿಯನ್ನು ಮೊದಲು ಹೇಳುತ್ತದೆ: ಎದೆಯ ಮಡಿಕೆಗಳು ಹಸಿರಾಗಿದ್ದನ್ನು ಸ್ಥಳದಲ್ಲಿ ಪರದೆಯ ಮೇಲೆಯೇ ಕಾಣಬಹುದು. ನೆಲದ ಬೆಳಕು ಇಲ್ಲದೆ ಬರಿಯ ನೀಲಿ ಆಕಾಶವೇ ಎದುರಿದ್ದರೆ ಬಣ್ಣದ ತಾಪಮಾನ 7000 ಕೆಲ್ವಿನ್ ದಾಟುತ್ತದೆ (ಈ ಸಂಖ್ಯೆ ಏರಿದಷ್ಟೂ ಬೆಳಕು ನೀಲಿ), ಮೈಬಣ್ಣ ಸೀಸದಂತಾಗುತ್ತದೆ. ಆದರೆ ಅದು ಚಿತ್ರದ ತುಂಬ ಒಂದೇ ಸಮ ಹರಡಿರುವುದರಿಂದ ಗ್ರೇ ಕಾರ್ಡ್, ಅಂದರೆ ಬಣ್ಣ ತಿದ್ದಲು ಆಧಾರವಾಗುವ ಬೂದು ರಟ್ಟು, ಹಿಡಿಸಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಆಮೇಲೆ ಒಂದೇ ಸಲಕ್ಕೆ ಸರಿಹೋಗುತ್ತದೆ.

ಮರದ ನೆರಳು? ಬೇಡ. ಎಲೆಗಳ ಸಂದಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ಕೋಟಿನ ಮೇಲೆ ಕಲೆಯಂತೆ ಕಾಣುತ್ತವೆ, ಗಾಳಿ ಬೀಸಿದಂತೆಲ್ಲ ಜಾಗ ಬದಲಿಸುತ್ತವೆ.

ಇನ್ನು ಎಲ್ಲರೂ ಬೈಯುವ ಬಿರುಬಿಸಿಲು. ಇದರ ಪರವಾಗಿ ಸ್ವಲ್ಪ ವಾದಿಸಬೇಕೆನ್ನಿಸುತ್ತದೆ. ನೆಲದಿಂದ ನೋಡಿದರೆ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ, ಆದ್ದರಿಂದಲೇ ನೆರಳಿನ ಅಂಚು ಕತ್ತರಿಸಿದಷ್ಟು ಚೂಪು. ಈ ಚೂಪು ಗಂಡಸಿನ ಮುಖಕ್ಕೆ, ಅದರಲ್ಲೂ ವ್ಯಾಯಾಮ ಮಾಡಿದ ಮೈಗೆ, ಒಪ್ಪುತ್ತದೆ. ಲಾಸ್ ಏಂಜಲೀಸ್‌ನ ಹರ್ಬ್ ರಿಟ್ಸ್ ಹೊರಾಂಗಣದ ಗಟ್ಟಿ ಬಿಸಿಲಿನಲ್ಲಿ ಗಂಡಸರ ಮೈಕಟ್ಟನ್ನು ಶಿಲ್ಪದಂತೆ ತೋರಿಸಿ ಹೆಸರು ಮಾಡಿದ್ದು ಇದೇ ಗುಣದಿಂದ. ಕೆಡುಕು ಬಿಸಿಲಿನಲ್ಲಿಲ್ಲ, ಅದರ ಎತ್ತರದಲ್ಲಿದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ತೂತು, ಮೂಗಿನ ನೆರಳು ತುಟಿಯ ಮೇಲೆ. ಅಳತೆಗೆ ಯಾವ ಆ್ಯಪೂ ಬೇಡ: ನೆಲದ ಮೇಲಿನ ನೆರಳು ಆಳಿಗಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಹುಬ್ಬಿನ ಅಡಿಗೆ ಬೆಳಕು ಹೋಗುತ್ತದೆ. ನೆರಳು ಆಳಿಗಿಂತ ಗಿಡ್ಡವಾಗಿದ್ದರೆ ಗಲ್ಲವನ್ನು ಮೇಲಕ್ಕೆತ್ತಿಸಬೇಕು, ಕಣ್ಣು ಮುಚ್ಚಿಸಿ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಬೇಕು, ಇಲ್ಲವೇ ಟೋಪಿ ಅಥವಾ ತಂಪು ಕನ್ನಡಕ ಕೊಡಬೇಕು. ಕಣ್ಣು ತೆರೆದಿರಲೇಬೇಕಾದರೆ ಮೊದಲು ಮುಚ್ಚಿಸಿ, ಮೂರು ಎಣಿಸಿ ತೆರೆಯಲು ಹೇಳಿ, ತೆರೆದ ಕ್ಷಣದಲ್ಲೇ ಒತ್ತಬೇಕು. ಅದರಾಚೆಗೆ ಮುಖ ಸಿಂಡರಿಸಿಕೊಳ್ಳುತ್ತದೆ.

ಬಿಸಿಲಿನಲ್ಲಿ ಬಿಳಿ ಲಿನನ್ ಷರ್ಟು ಅದ್ಭುತ, ಬೂದು ಸೂಟು ಸಾಧಾರಣ, ಚರ್ಮದ ಜಾಕೆಟ್ ಸೋಲು. ಜಾಕೆಟಿನ ಮೇಲೆ ಸಣ್ಣ ಸಣ್ಣ ಬಿಳಿ ಕಿಡಿಗಳು ಸಿಡಿದಂತೆ ಹೊಳಪು. ಬೆವರಿದ ಹಣೆಯಲ್ಲೂ ಅದೇ ಕಥೆ. ಎಣ್ಣೆ ಹೀರುವ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ಒತ್ತುತ್ತಿರಬೇಕು. ಎಕ್ಸ್‌ಪೋಷರಿಗೆ ಹಳೆಯ ಲೆಕ್ಕವೇ ಸಾಕು: ಎಫ್ 16, ಐಎಸ್ಒ 100, ಷಟರ್ 100ನೇ ಒಂದು. ಹಿನ್ನೆಲೆ ಮಸುಕಾಗಲಿ ಎಂದು ಎಫ್ 2.8ಕ್ಕೆ ಬಂದರೆ ಐದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಸರಿದೂಗಿಸಲು ಷಟರ್ 3200ನೇ ಒಂದಕ್ಕೆ ಏರುತ್ತದೆ. ಹಾಗೆ ಮಾಡುವ ಅಗತ್ಯ ನನಗೆ ಕಾಣಲಿಲ್ಲ. ಬಿಸಿಲಿನ ಚಿತ್ರಕ್ಕೆ ನೆರಳೇ ವಿನ್ಯಾಸ, ಬರಿಯ ಗೋಡೆಯೇ ಹಿನ್ನೆಲೆ.

ಸಂಜೆಯ ಹೊಂಬೆಳಕಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ರುಚಿಸಲಾರದು. ಚಿತ್ರ ಚೆಂದವಾಗಿಯೇ ಬರುತ್ತದೆ. ಬೆನ್ನ ಹಿಂದೆ ಸೂರ್ಯನಿದ್ದರೆ ಕೂದಲು, ಕಿವಿ, ಭುಜದ ಸುತ್ತ ಚಿನ್ನದ ಅಂಚು ಕಟ್ಟುತ್ತದೆ. ಬಟ್ಟೆ ಮಾರುವ ಚಿತ್ರವಾಗಿ ಮಾತ್ರ ಅದು ಸುಳ್ಳು ಹೇಳುತ್ತದೆ. ಸಂಜೆಯ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ, ಆದ್ದರಿಂದ ಕಡುನೀಲಿ ಕೋಟು ಪ್ರತಿಫಲಿಸಲು ಏನೂ ಇಲ್ಲದೆ ಕಪ್ಪಾಗುತ್ತದೆ. ಬೂದು ಸೂಟು ಕಂದಾಗುತ್ತದೆ, ಬಿಳಿ ಷರ್ಟು ಕೆನೆ ಬಣ್ಣಕ್ಕಿಳಿಯುತ್ತದೆ. ಕಂಪ್ಯೂಟರಿನಲ್ಲಿ ತಿದ್ದಲು ಹೋದರೆ ಬಿಸಿಲು ಬಿದ್ದ ಭಾಗ ಸರಿಹೋಗುವಷ್ಟರಲ್ಲಿ ನೆರಳಿನ ಭಾಗ ನೀಲಿಗೆ ಜಾರುತ್ತದೆ, ಏಕೆಂದರೆ ಆ ಭಾಗಕ್ಕೆ ಬೆಳಕು ಕೊಡುತ್ತಿರುವುದು ಆಕಾಶ. ಮೇಲಾಗಿ ನಿಮಿಷ ನಿಮಿಷಕ್ಕೂ ಬೆಳಕು ಇಳಿಯುತ್ತದೆ, ಕೆಂಪಾಗುತ್ತದೆ. ಉಡುಪು ಬದಲಿಸಿ ಬರುವಷ್ಟರಲ್ಲಿ ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ಒಂದು ಮುಖಪುಟದ ಚಿತ್ರಕ್ಕೆ ಸಂಜೆ ಇರಲಿ, ಹತ್ತು ಉಡುಪಿನ ಸರಣಿಗೆ ಬೇಡ.

ಮೋಡದ ದಿನಕ್ಕೆ ಇರುವ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚು. ಆಕಾಶವೆಲ್ಲ ಒಂದೇ ದೊಡ್ಡ ದೀಪವಾದಾಗ ಬಣ್ಣ ನಿಜಕ್ಕೆ ಹತ್ತಿರವಿರುತ್ತದೆ, ಗಂಟೆಗಟ್ಟಲೆ ಬದಲಾಗುವುದಿಲ್ಲ, ಆನ್‌ಲೈನ್ ಮಾರಾಟದ ಪಟ್ಟಿಗೆ ಅದು ಸಾಕು. ಚಿತ್ತಾರದ ಷರ್ಟಿಗೂ ಸರಿ. ಮುಖಕ್ಕೆ ಮಾತ್ರ ಆಕಾರವೇ ಉಳಿಯುವುದಿಲ್ಲ; ದವಡೆ ಕತ್ತಿನೊಳಗೆ ಕರಗಿಹೋಗುತ್ತದೆ.

ಹೀಗೆ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಒಂದನ್ನೇ ಆರಿಸು ಎಂದರೆ ನಾನು ನೆರಳಿನಂಚನ್ನು ಆರಿಸುತ್ತೇನೆ. ಸೂಟಿನ ಬಟ್ಟೆಯೇ ಮುಖ್ಯವಾದರೆ ಕಿಟಕಿ. ಚರ್ಮದ ಜಾಕೆಟಿಗೂ ಕಿಟಕಿಯೇ, ತೋಳಿನುದ್ದಕ್ಕೂ ಒಂದು ನೀಳ ಹೊಳಪು ಇಳಿಯುವುದು ಅಲ್ಲಿ ಮಾತ್ರ. ಕ್ರೀಡಾ ಉಡುಪು, ಈಜುಡುಗೆಗೆ ಹಿಂಜರಿಕೆಯಿಲ್ಲದೆ ಬಿಸಿಲು.

ಬೆಳಕು ಅಳೆಯುವ ಮೀಟರಿನ ವಿಷಯ ಹೇಳದಿದ್ದರೆ ಈ ಹೋಲಿಕೆ ಯಾರಿಗೂ ನನ್ನಂತೆ ಬರುವುದಿಲ್ಲ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಜಾಕೆಟ್ ಇದ್ದರೆ ಮುಖ ಬೆಳ್ಳಗಾಗಿ ಸುಟ್ಟುಹೋಗುತ್ತದೆ, ಬಿಳಿ ಷರ್ಟಿದ್ದರೆ ಮುಖ ಕಪ್ಪಿಡುತ್ತದೆ. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಬೆಳಕಿನ ಕಡೆಯ ಕೆನ್ನೆಗೆ ಹಿಡಿದು, ಮ್ಯಾನ್ಯುಯಲ್‌ನಲ್ಲಿ ಅದನ್ನೇ ಉಳಿಸಿಕೊಂಡೆ. ಈ ಮೈಬಣ್ಣಕ್ಕೆ ಮೀಟರ್ ತೋರಿಸಿದ್ದಕ್ಕಿಂತ ಅರ್ಧ ಸ್ಟಾಪ್ ಕಡಿಮೆ ಇಟ್ಟಾಗ ಅದು ತನ್ನ ನಿಜವಾದ ಬಣ್ಣದಲ್ಲಿ ಬಂತು.

ಕೊನೆಗೆ ಬಿಳಿ ಹಲಗೆಯೋ ಕಪ್ಪು ಬಟ್ಟೆಯೋ ಎಂಬ ಪ್ರಶ್ನೆ. ನೆರಳಿನ ಕಡೆಗೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿದರೆ ನೆರಳು ತಿಳಿಯಾಗುತ್ತದೆ, ವಯಸ್ಸು ಎರಡು ವರ್ಷ ಇಳಿದಂತೆ ಕಾಣುತ್ತದೆ. ಅದೇ ಜಾಗದಲ್ಲಿ ಕಪ್ಪು ಬಟ್ಟೆ ತೂಗುಹಾಕಿದರೆ ಸುತ್ತಲಿಂದ ಪುಟಿದು ಬರುವ ಬೆಳಕನ್ನು ಅದು ನುಂಗಿ ಕೆನ್ನೆಯ ತಗ್ಗನ್ನು ಆಳವಾಗಿಸುತ್ತದೆ. ನೆರಳಿನಂಚಿನಲ್ಲೂ ಮೋಡದಲ್ಲೂ ಪ್ರತಿ ಸಲ ಕಪ್ಪೇ ಗೆದ್ದಿತು. ಮೋಡದ ಕೆಳಗಂತೂ ಎರಡೂ ಪಕ್ಕಕ್ಕೆ ಕಪ್ಪು ಇಟ್ಟ ಮೇಲೆಯೇ ದವಡೆ ಕಾಣಿಸಿಕೊಂಡಿತು. ಬಿಳಿ ಹಲಗೆಗೆ ಕೆಲಸವಿದ್ದುದು ಕಿಟಕಿಯ ಪಕ್ಕದಲ್ಲಿ ಮಾತ್ರ, ಅದೂ ಆಚೆ ಭುಜ ಪೂರ್ತಿ ಕತ್ತಲಾದಾಗ. ಕಪ್ಪು ಬಟ್ಟೆ ಮುಖದಿಂದ ಒಂದು ಮೀಟರಿನೊಳಗೆ ಇರಬೇಕು, ಚೌಕಟ್ಟಿನಲ್ಲಿ ಕಾಣದಂತೆ ಆದಷ್ಟು ಹತ್ತಿರ ತರಬೇಕು. ದೂರವಾದಷ್ಟೂ ಅದರ ಪರಿಣಾಮ ಬೇಗ ಸಾಯುತ್ತದೆ. ಹೊಳಪಿನ ಸ್ಯಾಟಿನ್ ಬೇಡ, ಕಪ್ಪು ಮಖಮಲ್ಲೇ ಆಗಬೇಕು, ಕೆಳಗಿನ ಅಂಚಿಗೆ ಒಂದು ಕೋಲು ಕಟ್ಟಿದರೆ ಗಾಳಿಗೆ ಹಾರುವುದಿಲ್ಲ.