ವಾರವೆಲ್ಲಾ ರಿಂಗ್ ರೋಡ್, ತಿಂಗಳಿಗೊಮ್ಮೆ ಚಾರ್ಮಾಡಿ: ಅಪೊಲೊ ಆಲ್ಫಾ ಎಚ್1 ಟೈರ್ ಜೊತೆ 9,000 ಕಿ.ಮೀ.

ನನ್ನ ಗಾಡಿ ಕೆಟಿಎಂ 390 ಡ್ಯೂಕ್. ಮನೆ ನಾಗರಬಾವಿ, ಕೆಲಸ ಮಾನ್ಯತಾ ಟೆಕ್ ಪಾರ್ಕ್, ಊರು ಉಜಿರೆ. ಹಾಗಾಗಿ ವಾರಕ್ಕೆ ಮೂರು ದಿನ ಔಟರ್ ರಿಂಗ್ ರೋಡಿನಲ್ಲಿ ನಿಂತು ನಿಂತು ಸಾಗಬೇಕು. ತಿಂಗಳಿಗೊಮ್ಮೆ ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಚಾರ್ಮಾಡಿ ಇಳಿಯಬೇಕು. ಆ ಘಾಟಿ ಅಂದರೆ ನನಗೆ ಪ್ರಾಣ. ಎರಡಕ್ಕೂ ಇರುವುದು ಒಂದೇ ಜೋಡಿ ಟೈರ್.

ಘಾಟಿಗೆ ಬೇಕಾದ ಟೈರನ್ನು ಹಾಳು ಮಾಡುವುದು ಘಾಟಿಯಲ್ಲ, ಊರಿನೊಳಗಿನ ನೇರ ಓಟ. ಇದು ನನಗೆ ಗೊತ್ತಾಗಿದ್ದು ಹಳೆ ಟೈರಿನಿಂದ. 14,000 ಕಿ.ಮೀ. ಓಡಿತ್ತು, ಟೈರಿನ ಗೀರುಗಳಲ್ಲಿ ಇನ್ನೂ ಆಳ ಕಾಣುತ್ತಿತ್ತು. ನಮ್ಮ ಕಾನೂನು ಬೈಕ್ ಟೈರಿಗೆ 0.8 ಮಿ.ಮೀ. ಆಳ ಇದ್ದರೆ ಸಾಕು ಅನ್ನುತ್ತದೆ, ಅದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಟೈರ್ ಮೇಲೆ ಅಂಗೈ ಅಡ್ಡಡ್ಡ ಸವರಿದರೆ ಗೊತ್ತಾಗುತ್ತಿತ್ತು. ನಡುವೆ ಮಣೆ ಹಾಗೆ ಚಪ್ಪಟೆ, ಎರಡೂ ಕಡೆ ಬೆರಳಿಗೆ ತಾಗುವ ಒಂದು ಏಣು, ಅದರಾಚೆ ಹೊಸದರಂತೆ ಉಳಿದ ರಬ್ಬರ್. ಇಂಥ ಟೈರ್ ಇದ್ದರೆ ತಿರುವಿನಲ್ಲಿ ಗಾಡಿ ಮೊದಲು ಬಾಗಲು ಒಪ್ಪುವುದಿಲ್ಲ, ಆ ಏಣು ದಾಟಿದ ಮೇಲೆ ಒಮ್ಮೆಲೇ ಧೊಪ್ಪನೆ ಒಳಗೆ ಬೀಳುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ, ಮಂಜಿನ ನಡುವೆ ಒಂದು ಹೇರ್‌ಪಿನ್‌ನಲ್ಲಿ ಹೀಗೇ ಆಗಿ ಹಿಂದಿನ ಚಕ್ರ ಜಾರಿತು. ಕಾಲು ಊರಿ ಹೇಗೋ ಉಳಿದುಕೊಂಡೆ. ಎದುರಿಂದ ಬಸ್ ಬರುತ್ತಿರಲಿಲ್ಲ, ಅಷ್ಟೇ ಪುಣ್ಯ. ಊರಿಗೆ ಹೋದವನು ಅಮ್ಮನಿಗೆ ಹೇಳಲಿಲ್ಲ. ಬೆಂಗಳೂರಿಗೆ ಬಂದವನೇ ಟೈರ್ ಹುಡುಕಲು ಶುರು ಮಾಡಿದೆ.

ನನ್ನ ಗಾಡಿಯ ಸೈಜು ಮುಂದೆ 110/70 ಆರ್17, ಹಿಂದೆ 150/60 ಆರ್17. 150 ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ, 60 ಅಂದರೆ ಅಗಲದ ನೂರಕ್ಕೆ ಅರವತ್ತರಷ್ಟು ಎತ್ತರ, ಆರ್ ಅಂದರೆ ರೇಡಿಯಲ್ (ಒಳಗಿನ ನೂಲಿನ ಪದರ ಓರೆಯಾಗಿರದೆ ನೇರ ಅಡ್ಡಕ್ಕೆ ಹಾದಿರುವ ಟೈರ್), 17 ರಿಮ್ಮಿನ ಇಂಚು. ಒಂದು ಅಂಗಡಿಯಲ್ಲಿ ಹುಡುಗ, "ಅಣ್ಣಾ, 160 ಹಾಕ್ಸಿ, ಹಿಂದಿಂದ ದಪ್ಪ ಕಾಣುತ್ತೆ" ಅಂದ. ದಯವಿಟ್ಟು ಬೇಡ. ರಿಮ್ ಅಷ್ಟೇ ಇರುವಾಗ ಟೈರ್ ಮಾತ್ರ ಅಗಲವಾದರೆ ಅಂಚುಗಳು ಒಳಕ್ಕೆ ಹಿಂಡಿಕೊಂಡು ಟೈರಿನ ಆಕಾರವೇ ಕೆಡುತ್ತದೆ. ತಿರುವಿನಲ್ಲಿ ನಮಗೆ ಬೇಕಾಗಿರುವುದೇ ಆ ಆಕಾರ ಅಲ್ವಾ?

ಅದೇ ಹುಡುಕಾಟದಲ್ಲಿ ಇನ್ನೊಂದು ಅಂಗಡಿಯವರು ಹೊಸದು ಅಂತ ತಂದಿಟ್ಟ ಟೈರಿನ ಬದಿಯಲ್ಲಿ 1823 ಅಂತ ಇತ್ತು. ಅಂದರೆ 2023ರ 18ನೇ ವಾರ ತಯಾರಾದದ್ದು. ನಾನು ಹೋಗಿದ್ದು 2025ರ ಅಕ್ಟೋಬರ್‌ನಲ್ಲಿ. ಎರಡು ವರ್ಷ ದಾಟಿದ ಮಾಲಿಗೆ ಹೊಸದರ ದುಡ್ಡು ಕೇಳುತ್ತಿದ್ದರು. ನಾನು ಸುಮ್ನೆ ಎದ್ದು ಬಂದೆ. ಬದಿಯಲ್ಲಿ ಸಣ್ಣ ಮೊಟ್ಟೆಯಾಕಾರದೊಳಗೆ ಈ ನಾಲ್ಕು ಅಂಕಿ ಇರುತ್ತದೆ, ಕೂರಿಸುವ ಮುಂಚೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಹಾಗೇ ಬಿಲ್ ಕೂಡ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ದರ ಮೂರು ಕಡೆ ಕೇಳಿದೆ, ಮೂರು ಕಡೆಯೂ ಬೇರೆ ಬೇರೆ. ಕೇಳಲು ಸಂಕೋಚ ಬೇಡ.

ಕೊನೆಗೆ ಹಾಕಿಸಿದ್ದು ಅಪೊಲೊ ಆಲ್ಫಾ ಎಚ್1, ಮುಂದೆ ಹಿಂದೆ ಎರಡೂ. ರೇಸ್ ಟ್ರ್ಯಾಕಿಗೆ ಮಾಡಿದ ಮೆತ್ತನೆಯ ಟೈರುಗಳ ಬಗ್ಗೆಯೂ ಯೋಚಿಸಿದ್ದೆ. ಆದರೆ ಅವು ಚೆನ್ನಾಗಿ ಬಿಸಿಯಾದ ಮೇಲೆಯೇ ಹಿಡಿಯುವುದು. ಹೆಬ್ಬಾಳದ ಟ್ರಾಫಿಕ್ಕಿನಲ್ಲೂ ಬಿಸಿಯಾಗುವುದಿಲ್ಲ, ಕೊಟ್ಟಿಗೆಹಾರದ ಚಳಿ ಮಳೆಯಲ್ಲಂತೂ ಕೇಳಲೇಬೇಡಿ. ದಿನ ಓಡಾಡುವವನಿಗೆ ಬೇಕಾದದ್ದು ತಣ್ಣಗಿದ್ದಾಗಲೂ, ಒದ್ದೆಯಲ್ಲೂ ಹಿಡಿಯುವ ರಬ್ಬರ್.

ಹಾಕಿಸಿದ ಮೊದಲ ನೂರಿನ್ನೂರು ಕಿಲೋಮೀಟರ್ ನಿಧಾನ ಓಡಿಸಿದೆ, ಹೊಸ ಟೈರಿನ ಮೇಲ್ಮೈ ನುಣುಪಾಗಿ ಜಾರುತ್ತದೆ. ಆಮೇಲೆ ಮೊದಲು ಗೊತ್ತಾಗಿದ್ದು ಹಿಡಿತವಲ್ಲ, ಆ ದುಂಡನೆಯ ಆಕಾರ. ಗಾಡಿ ಎಷ್ಟು ಬಾಗಿಸಿದರೆ ಅಷ್ಟೇ ಬಾಗುತ್ತದೆ, ನಡುವೆ ಎಲ್ಲೂ ತಡೆಯುವುದಿಲ್ಲ, ಬೀಳುವುದೂ ಇಲ್ಲ. ಚಾರ್ಮಾಡಿಯಲ್ಲಿ ಒಂದು ಬಲ ತಿರುವು ಮುಗಿಯುವುದರೊಳಗೆ ಎಡ ತಿರುವು ಶುರುವಾಗುವ ಜಾಗಗಳಿವೆ. ಅಲ್ಲಿ ಮೊದಲು ಹ್ಯಾಂಡಲ್ ಜೊತೆ ಗುದ್ದಾಡುತ್ತಿದ್ದೆ, ಈಗ ನೋಡಿದ ಕಡೆ ಗಾಡಿ ಹೋಗುತ್ತದೆ. ಈ ಜೂನ್‌ನಲ್ಲಿ ಧಾರಾಕಾರ ಮಳೆಯಲ್ಲಿ ಇಳಿದೆ. ವೇಗ ಕಡಿಮೆಯೇ ಇತ್ತು, ಆದರೆ ಮುಂದಿನ ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ರಸ್ತೆಯನ್ನು ಕಚ್ಚಿ ಹಿಡಿದದ್ದು ಅಂಗೈಗೆ ಗೊತ್ತಾಗುತ್ತಿತ್ತು. ಆ ನಂಬಿಕೆ ಬಂದ ಮೇಲೆ ಭುಜ ಸಡಿಲವಾಯಿತು, ಉಸಿರು ಸರಿಯಾಯಿತು.

ಒಂದು ಮಾತು. ಹೇರ್‌ಪಿನ್ ತಿರುವಿನಲ್ಲಿ ತುಂಬಿದ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್ ಮೇಲೆ, ಮಳೆಗಾಲದಲ್ಲಿ ರಸ್ತೆಯಂಚಿನ ಪಾಚಿ ಮೇಲೆ ಯಾವ ಟೈರೂ ಹಿಡಿಯುವುದಿಲ್ಲ. ಒದ್ದೆ ರಸ್ತೆಯಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಡಿ ನೆಟ್ಟಗೆ ಮಾಡಿ ದಾಟಿ. ಘಾಟಿಯಲ್ಲಿ ನಿಮ್ಮ ಬದಿ ಬಿಡಲೇಬೇಡಿ, ತಿರುವಿನಾಚೆ ಏನಿದೆ ಅಂತ ಟೈರಿಗೆ ಗೊತ್ತಿಲ್ಲ.

ಊರಿನೊಳಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಗುಂಡಿಗಳ ಮೇಲೆ ಪರವಾಗಿಲ್ಲ. ಒಂದು ಸಲ ಮೊಳೆ ಹೊಕ್ಕಿತ್ತು, ಟ್ಯೂಬ್‌ಲೆಸ್ ಆದ್ದರಿಂದ ನಿಧಾನಕ್ಕೆ ಪಂಕ್ಚರ್ ಅಂಗಡಿ ತನಕ ಬಂದೆ. ಗಾಳಿ ವಿಷಯದಲ್ಲಿ ಮಾತ್ರ ನಾನು ಹಠ ಹಿಡಿಯುತ್ತೇನೆ. ಮುಂದೆ 29 ಪಿಎಸ್‌ಐ (ಗಾಳಿ ಒತ್ತಡದ ಅಳತೆ), ಒಬ್ಬನೇ ಇದ್ದರೆ ಹಿಂದೆಯೂ 29, ಹಿಂದೆ ಯಾರಾದರೂ ಕೂತರೆ 32. ಟೈರ್ ತಣ್ಣಗಿರುವಾಗಲೇ ನೋಡಬೇಕು. ಒಂದು ಬಂಕಿನಲ್ಲಿ 29 ಹೇಳಿ ಹಾಕಿಸಿದ್ದೆ, ಮನೆಯಲ್ಲಿ ನನ್ನ ಗೇಜಿನಲ್ಲಿ ನೋಡಿದರೆ 36 ಇತ್ತು. ಗಾಳಿ ಜಾಸ್ತಿಯಾದಷ್ಟೂ ನೆಲಕ್ಕೆ ತಾಗುವುದು ನಡುಭಾಗ ಮಾತ್ರ, ಅದೇ ಬೇಗ ಸವೆಯುತ್ತದೆ. ಒಂದು ಸಣ್ಣ ಗೇಜು ತೆಗೆದಿಟ್ಟುಕೊಳ್ಳಿ.

ಸಣ್ಣ ಗಾಡಿ ಇರುವವರು ಎರಡೂ ಕಡೆ ರೇಡಿಯಲ್ಲೇ ಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸುಜುಕಿ ಜಿಕ್ಸರ್‌ಗೆ ಕಂಪನಿಯವರೇ ಹಿಂದೆ 140/60 ರೇಡಿಯಲ್, ಮುಂದೆ 100/80 ಮಾಮೂಲಿ ಟೈರ್ ಕೊಟ್ಟಿದ್ದಾರೆ. ಕಂಪನಿ ಕೊಟ್ಟ ಜೋಡಿ ಹೇಗಿದೆಯೋ ಹಾಗೇ ಇಟ್ಟುಕೊಳ್ಳಿ. ಇನ್ನು ಕಾಫಿ ತೋಟದ ಮಣ್ಣು ರಸ್ತೆ ಜಾಸ್ತಿ ಓಡಿಸುವವರಿಗೆ ಇದು ಬೇಡ, ಗಟ್ಟಿ ಬ್ಲಾಕ್ ಇರುವ ಟೈರ್ ನೋಡಿ.

ಈಗ 9,000 ಕಿ.ಮೀ. ಆಯಿತು. ನಿನ್ನೆ ಸಂಜೆ ಹಿಂದಿನ ಟೈರ್ ಮೇಲೆ ಮತ್ತೆ ಅಂಗೈ ಸವರಿದೆ. ನಡುವೆ ಸ್ವಲ್ಪ ಚಪ್ಪಟೆ ಶುರುವಾಗಿದೆ. ಟೈರಿನ ತಪ್ಪಲ್ಲ, ರಿಂಗ್ ರೋಡಿನ ನೇರ ಓಟದ ಫಲ. ಏಣು ಇನ್ನೂ ಎದ್ದಿಲ್ಲ, ಮುಂದಿನ ಟೈರ್ ದುಂಡಗೇ ಇದೆ. ಈ ಸಲ ಗೀರಿನ ಆಳ ನೋಡಿ ಕಾಯುವುದಿಲ್ಲ. ಬೆರಳಿಗೆ ಏಣು ತಾಗಿದ ದಿನವೇ ಹಿಂದಿನದು ಬದಲಾಯಿಸುತ್ತೇನೆ, ಇದೇ ಟೈರ್, ಇದೇ ಸೈಜು.