ಮೂರು ಹಳೆ ಕಟ್ಟಡ, ಮೂರು ರಾತ್ರಿ: ಹೆದರಲಿಕ್ಕೆ ಯಾವುದು, ಮಲಗಲಿಕ್ಕೆ ಯಾವುದು?

ಬೆಂಗಳೂರಿನ ಸ್ನೇಹಿತರು ಮೊದಲೆಲ್ಲ ಊರಿಗೆ ಬಂದರೆ ಕೋರಿರೊಟ್ಟಿ ಎಲ್ಲಿ ಚೆನ್ನಾಗಿದೆ ಎಂದು ಕೇಳುತ್ತಿದ್ದರು. ಈಗ ದೆವ್ವ ಇರುವ ಹಳೆ ಹೋಟೆಲು ಕೇಳುತ್ತಾರೆ. ರಾಜಸ್ಥಾನದ ಕೋಟಾದಲ್ಲಿ ಬ್ರಿಜ್‌ರಾಜ್ ಭವನ ಎಂಬ ಅರಮನೆ ಹೋಟೆಲಿದೆ. 1857ರ ದಂಗೆಯಲ್ಲಿ ಅಲ್ಲಿ ಸತ್ತ ಮೇಜರ್ ಬರ್ಟನ್ ಇನ್ನೂ ರಾತ್ರಿ ಪಾಳಿ ಮಾಡುತ್ತಾನಂತೆ, ತೂಕಡಿಸುವ ಕಾವಲುಗಾರನ ಕೆನ್ನೆಗೆ ಬಾರಿಸುತ್ತಾನಂತೆ. ಅಂಥದ್ದೊಂದು ಮಂಗಳೂರಲ್ಲೂ ಇರಬೇಕಲ್ಲ ಎಂದು ಅವರ ವಾದ.

ಹಾಗಾಗಿ ಕಳೆದ ನವೆಂಬರ್, ಡಿಸೆಂಬರಿನಲ್ಲಿ ನಾನು ಮತ್ತು ನಮ್ಮ ಭಾವ ಮೂರು ಕಡೆ ಒಂದೊಂದು ರಾತ್ರಿ ಉಳಿದೆವು. ಭಾವನಿಗೆ ಯಾವುದರಲ್ಲೂ ನಂಬಿಕೆ ಇಲ್ಲ. ನನಗೆ ಹಗಲು ಇಲ್ಲ, ರಾತ್ರಿ ಸ್ವಲ್ಪ ಉಂಟು. ಜಾಗಗಳ ಹೆಸರು ಹೇಳುವುದಿಲ್ಲ, ಅವರ ಹೊಟ್ಟೆಪಾಡಿನ ವಿಷಯ.

ಮೊದಲನೆಯದು ಮಂಗಳೂರಿನ ಗುಡ್ಡದ ಮೇಲಿನ ಬಂಗ್ಲೆ. ರಾತ್ರಿಗೆ 3,200 ರೂಪಾಯಿ, ಕಥೆ ಅದರಲ್ಲೇ ಸೇರಿದೆ. ಊಟ ಮುಗಿದ ಮೇಲೆ ಯಜಮಾನರು ಲೈಟ್ ಆರಿಸಿ ಮೇಣದ ಬತ್ತಿ ಹಚ್ಚಿದರು. 1848ರಲ್ಲಿ ಇಲ್ಲಿದ್ದ ಜರ್ಮನ್ ಪಾದ್ರಿಯ ಹೆಂಡತಿ ಜ್ವರದಲ್ಲಿ ತೀರಿಕೊಂಡರು, ಆವತ್ತಿನಿಂದ ಪಾದ್ರಿ ಹೆಂಚಿನ ಮೇಲೆ ಆಚೆ ಈಚೆ ನಡೆಯುತ್ತಿದ್ದಾರೆ ಎಂದರು. ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದ ಒಡೆದ ಹೆಂಚುಗಳನ್ನು ಭಾವ ಸಂಜೆಯೇ ನೋಡಿದ್ದರು. ಎಲ್ಲದರಲ್ಲೂ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆ, ಕೆಳಗೆ 1865. ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. "ಹಾಗಾದರೆ ಹದಿನೇಳು ವರ್ಷ ಪಾದ್ರಿ ಎಲ್ಲಿ ನಡೆದದ್ದು?" ಎಂದು ಭಾವ ಕೇಳಿದರು. ಯಜಮಾನರು ಒಂದು ಕ್ಷಣ ಯೋಚಿಸಿ, "ಮೊದಲು ಮುಳಿಹುಲ್ಲಿನ ಮಾಡು ಇತ್ತಲ್ಲ, ಆಗ ಸದ್ದು ಕೇಳುತ್ತಿರಲಿಲ್ಲ" ಎಂದರು. ಆ ಉತ್ತರಕ್ಕೆ ಬೇಕಾದರೆ ಐನೂರು ರೂಪಾಯಿ ಕೊಡಬಹುದು.

ಹನ್ನೊಂದರ ಮೇಲೆ ಮುಚ್ಚಿಗೆಯಲ್ಲಿ ದಡಬಡ ಶುರುವಾಯಿತು. ಟಾರ್ಚ್ ಬಿಟ್ಟರೆ ಮರಬೆಕ್ಕು, ನಮಗಿಂತ ಹೆಚ್ಚು ಹೆದರಿತ್ತು. ಮೋಹಿನಿಯ ವಾಸನೆ ಎಂದು ಯಜಮಾನರು ಹೇಳಿದ್ದು ಕಾಂಪೌಂಡಿನ ಹಾಲೆ ಮರ. ಅದು ಹೂ ಬಿಡುವ ಕಾಲ, ರಾತ್ರಿ ತಲೆ ಸಿಡಿಯುವಷ್ಟು ಘಮ. ಎರಡು ಗಂಟೆಗೆ ಬಾಗಿಲು ಬಡಿಯಿತು. ಕರಾವಳಿಯಲ್ಲಿ ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ನೆಲದ ಕಡೆಯಿಂದ ತಿರುಗುತ್ತದೆ. ಚಿಲಕ ಸಡಿಲವಿದ್ದ ಬಾಗಿಲಿಗೆ ಇನ್ನೆಂತ ಬೇಕು? ಬೆಳಗಿನ ನೀರುದೋಸೆ ಮಾತ್ರ ಚೆನ್ನಾಗಿತ್ತು.

ಎರಡನೆಯದು ಉಡುಪಿ ರಥಬೀದಿಯ ಹತ್ತಿರದ ಓಣಿಯಲ್ಲಿ ಹಳೆ ಲಾಡ್ಜು. 700 ರೂಪಾಯಿ. ಇಲ್ಲಿ ಕಥೆ ಮಾರುವವರು ಯಾರೂ ಇಲ್ಲ. ಮೇಲಿನ ಮಹಡಿಯ ಮೂಲೆ ಕೋಣೆಗೆ ಬೀಗ ಇತ್ತು, ಅಷ್ಟೆ. ಯಾಕೆ ಎಂದು ಕೇಳಿದ್ದಕ್ಕೆ ರೂಮು ನೋಡಿಕೊಳ್ಳುವ ಅಣ್ಣ, ಅರವತ್ತು ದಾಟಿರಬಹುದು, "ಅದು ಪರ್ಯಾಯಕ್ಕೆ ಮಾತ್ರ ಕೊಡುವುದು" ಎಂದರು. ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಊರಲ್ಲಿ ಕಾಲಿಡಲು ಜಾಗ ಇಲ್ಲದಾಗ. ಆ ಜನಜಂಗುಳಿಯಲ್ಲಿ ಯಾರಿಗೂ ಏನೂ ಆಗುವುದಿಲ್ಲವಂತೆ. ಉಳಿದ ದಿನ?

ಅವರು ಬಕೆಟ್ ತೊಳೆಯುತ್ತಲೇ ಹೇಳಿದರು. ಕೆಲವು ದಿನ ಬೆಳಗಿನ ಜಾವ ನಾಲ್ಕಕ್ಕೆ ಆ ಕೋಣೆಯೊಳಗಿಂದ ಯಾರೋ "ಬಿಸಿನೀರು" ಎನ್ನುತ್ತಾರೆ. ದರ್ಶನಕ್ಕೆ ಬಂದವರು ಅವಸರದಲ್ಲಿ ಕೇಳಿದ ಹಾಗೆ. ಇವರು ಹಂಡೆಯಿಂದ ಒಂದು ಬಕೆಟ್ ತೋಡಿ ಬಾಗಿಲ ಮುಂದೆ ಇಟ್ಟು ಬರುತ್ತಾರೆ.

"ಆಮೇಲೆ ನೋಡಿದರೆ ಬಕೆಟ್ ಖಾಲಿ ಆಗಿರ್ತದಾ?" ಎಂದೆ.

"ಇಲ್ಲಪ್ಪ. ತಣ್ಣಗಾಗಿರ್ತದೆ."

ಇನ್ನೇನೂ ಇಲ್ಲ. ಕೊಲೆ ಇಲ್ಲ, ಬಿಳಿ ಸೀರೆ ಇಲ್ಲ. ಪಾದ್ರಿಯ ಕಥೆ ಹೇಳಲು ಒಂದು ಗಂಟೆ ಬೇಕಾಗಿತ್ತು, ಇದಕ್ಕೆ ಎರಡು ನಿಮಿಷ ಸಾಕಾಯಿತು. ಆದರೆ ಮಲಗಿದ ಮೇಲೆ ನೆನಪಾದದ್ದು ಇದೇ.

ನಮ್ಮ ಕೋಣೆಯ ಫ್ಯಾನು ಒಂಥರಾ ಗುಂಯ್ ಎನ್ನುತ್ತಿತ್ತು. ಎದೆಯಲ್ಲಿ ಏನೋ ಭಾರ, ಮೂಲೆಯಲ್ಲಿ ಯಾರೋ ನಿಂತ ಹಾಗೆ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ತನ್ನ ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಯ ಬೆನ್ನು ಹತ್ತಿ, ಅದಕ್ಕೆ ಕಾರಣ ಅಲ್ಲಿನ ಒಂದು ಫ್ಯಾನು ಹೊರಡಿಸುತ್ತಿದ್ದ 19 ಹರ್ಟ್ಜ್ ಆಸುಪಾಸಿನ, ಕಿವಿಗೆ ಕೇಳಿಸದ ಕಂಪನ ಎಂದು 1998ರಲ್ಲಿ ಬರೆದದ್ದು ನೆನಪಾಯಿತು. ಎದ್ದು ಫ್ಯಾನ್ ಆರಿಸಿದೆ. ಎದೆ ಹಗುರಾಯಿತು, ಸೊಳ್ಳೆ ಬಂತು. ನಾಲ್ಕರ ಹೊತ್ತಿಗೆ ಹೊರಗೆ ಬಕೆಟಿನ ಹಿಡಿಕೆ ಬಿಟ್ಟ ಟಣ್ ಸದ್ದು. ನಾನು ಬಾಗಿಲು ತೆರೆಯಲಿಲ್ಲ. ಪಕ್ಕದ ಮಂಚದಲ್ಲಿ ಭಾವನ ಗೊರಕೆ ಅದೇ ಗಳಿಗೆಗೆ ನಿಂತದ್ದು ಮಾತ್ರ ಗೊತ್ತು.

ಮೂರನೆಯದು ಕಾಪು ಶಿರ್ವದ ಕಡೆಯ ಒಂದು ಗುತ್ತಿನ ಮನೆ, ಅಂದರೆ ತುಳುನಾಡಿನ ಹಳೆ ಜಮೀನುದಾರರ ದೊಡ್ಡ ಮನೆ. ಎರಡು ಕೋಣೆ ಅತಿಥಿಗಳಿಗೆ ಕೊಡುತ್ತಾರೆ, ಊಟ ಸೇರಿ ಒಬ್ಬರಿಗೆ 1,500. ಮುರಕಲ್ಲಿನ ದಪ್ಪ ಗೋಡೆ, ಕತ್ತಲೆ ಚಾವಡಿ, ಹಿಂದೆ ನಾಗಬನ. ನೋಡಿದರೆ ಮೂರರಲ್ಲಿ ಇದೇ ಹೆಚ್ಚು ಹೆದರಿಸಬೇಕು. ಅಜ್ಜಿಯ ಹತ್ತಿರ "ಭೂತ ಉಂಟಾ?" ಎಂದು ಕೇಳಿದೆ. "ಉಂಟಲ್ಲ, ಮೂರು ಉಂಟು!" ಎಂದು ಹೆಮ್ಮೆಯಿಂದ ದೈವದ ಕೋಣೆ ತೋರಿಸಿದರು. ಪಂಜುರ್ಲಿ, ಕಲ್ಲುರ್ಟಿ, ಗುಳಿಗ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾದದ್ದು ಇದನ್ನೇ. ತುಳುನಾಡಿನಲ್ಲಿ ಭೂತ ಎಂದರೆ ಮನೆ ಕಾಯುವ ದೈವ, ವರ್ಷಕ್ಕೊಮ್ಮೆ ನೇಮ, ಅಂದರೆ ದೈವದ ಕೋಲ, ಕೊಡಬೇಕು, ತಪ್ಪಿದರೆ ಕೇಳುತ್ತದೆ. ಸತ್ತವರು ಬೇರೆ. ಅವರಿಗೆ ಕುಲೆ ಎನ್ನುತ್ತೇವೆ.

ಕುಲೆಗಳ ವಿಷಯ ಎತ್ತಿದಾಗ ಅಜ್ಜಿ ತಮ್ಮ ತಂಗಿಯ ಮಾತು ತೆಗೆದರು. ಮೂರು ವರ್ಷಕ್ಕೆ ತೀರಿಹೋದ ಮಗು. ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ಒಂದರ ಹಿಂದೆ ಒಂದು ತೊಂದರೆ ಬಂದಾಗ ಜೋಯಿಸರ ಹತ್ತಿರ ಕೇಳಿಸಿ, ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಹಾಗೆಯೇ ಸತ್ತಿದ್ದ ಗಂಡು ಮಗುವನ್ನು ಹುಡುಕಿ ತುಳುವರ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಇಬ್ಬರಿಗೂ ಮದುವೆ ಮಾಡಿಸಿದರು. ಸೀರೆ, ಬಳೆ, ಕರಿಮಣಿ, ಎಲೆ ಹಾಕಿ ಊಟ, ಎಲ್ಲ ಕ್ರಮದಂತೆ. 2024ರಲ್ಲಿ ಪುತ್ತೂರಿನ ಒಂದು ಮನೆಯವರು ಮೂವತ್ತು ವರ್ಷದ ಹಿಂದೆ ತೀರಿದ ಮಗಳಿಗೆ ಇಂಥದ್ದೇ ವರ ಬೇಕೆಂದು ಪೇಪರಿನಲ್ಲಿ ಹಾಕಿಸಿದಾಗ ದೇಶವೆಲ್ಲ ಬೆರಗಾಗಿತ್ತು. ಅಜ್ಜಿಗೆ ಅದರಲ್ಲಿ ಸುದ್ದಿ ಎಂತದು ಎಂದೇ ಅರ್ಥವಾಗಲಿಲ್ಲವಂತೆ. "ಆ ಕಾರ್ಕಳದವರು ಈಗಲೂ ನಮಗೆ ನೆಂಟರು. ಮೊನ್ನೆ ಗೃಹಪ್ರವೇಶಕ್ಕೆ ಹೋಗಿ ಬಂದೆವು."

ಆ ಮನೆಯಲ್ಲಿ ನಾನು ಒಂಬತ್ತೂವರೆಗೆ ಮಲಗಿದವನು ಎದ್ದದ್ದು ಏಳಕ್ಕೆ.

ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟು. ಫೋಟೊ ಬೇಕಿದ್ದರೆ, ಜೊತೆಯಲ್ಲಿ ಮಕ್ಕಳಿದ್ದರೆ, ಬಂಗ್ಲೆ. ದುಡ್ಡು ಜಾಸ್ತಿ, ಹೆದರಿಕೆ ಕಡಿಮೆ. ಗುತ್ತಿನ ಮನೆಗೆ ಹೋಗುವುದಾದರೆ ದೀಪಾವಳಿ ಕಳೆದ ಮೇಲೆ, ಮೇ ಕೊನೆಗೆ ನೇಮಗಳ ಕಾಲ ಮುಗಿಯುವ ಪತ್ತನಾಜೆಯ ಒಳಗೆ ಹೋಗಿ, ಅದೃಷ್ಟವಿದ್ದರೆ ನೇಮ ನೋಡಲು ಸಿಗುತ್ತದೆ. ಆದರೆ "ದೆವ್ವ ತೋರಿಸಿ" ಎಂದು ಅಲ್ಲಿ ಬಾಯಿಬಿಡಬೇಡಿ. ನಿಜವಾಗಿ ಹೆದರಬೇಕಿದ್ದರೆ ಲಾಡ್ಜು, ಅದೂ ಪರ್ಯಾಯ ಇಲ್ಲದ ವರ್ಷ.

ಭಾವ ಇದನ್ನು ಒಪ್ಪುವುದಿಲ್ಲ. ತಾನು ಆ ರಾತ್ರಿ ಪೂರ್ತಿ ನಿದ್ದೆಯಲ್ಲಿದ್ದೆ ಎನ್ನುತ್ತಾರೆ. ಮೊನ್ನೆ ಉಡುಪಿಯಲ್ಲಿ ಮದುವೆ ಮುಗಿದು ತಡವಾದಾಗ ಅದೇ ಲಾಡ್ಜಿನಲ್ಲಿ ಉಳಿಯೋಣ ಎಂದೆ. ಅವರು ಆಗಲೇ ಮಂಗಳೂರಿನ ಕೊನೆಯ ಬಸ್ಸಿಗೆ ಕೈ ತೋರಿಸುತ್ತಿದ್ದರು.