ಒಂದೇ ಮಂಚವೋ, ಎರಡೋ: ಅಗ್ಗದ ರೂಮ್ ಬುಕ್ ಮಾಡುವ ಮುನ್ನ

ಹಣ ಕಟ್ಟಿದ ಮೇಲಷ್ಟೇ ಹೋಟೆಲ್ ಹೆಸರು ತೋರಿಸುವ ಡೀಲ್‌ಗಳು ಅಗ್ಗ, ಆದರೆ ಮಂಚದ ಆಯ್ಕೆ ಸಾಮಾನ್ಯವಾಗಿ ಹೋಟೆಲಿನದು. ಇಬ್ಬರಿಗೆ ಜಾಗ ಸಿಗುತ್ತದೆ, ಅದು ಒಂದೇ ಮಂಚವೂ ಆಗಿರಬಹುದು. ರದ್ದು ಮಾಡಿದರೆ ಹಣ ವಾಪಸ್ ಬರುವುದು ಅಪರೂಪ. ಗಂಡ-ಹೆಂಡತಿಗೆ ಸರಿ, ಸಹೋದ್ಯೋಗಿಗಳಿಗೆ ಬೇಡವೇ ಬೇಡ.

ಹೆಸರು ಕಾಣುವ ರಿಯಾಯಿತಿ ದರದಲ್ಲಿ ರೂಮಿನ ಹೆಸರನ್ನು ಅಕ್ಷರ ಬಿಡದೆ ಓದಿ. 'ಟ್ವಿನ್ ರೂಮ್' ಎಂದಿದ್ದರೆ ನೀವು ಕೊಂಡದ್ದೇ ಎರಡು ಮಂಚ. 'ಡಬಲ್/ಟ್ವಿನ್' (ಒಂದು ದೊಡ್ಡ ಮಂಚ ಅಥವಾ ಎರಡು ಮಂಚ) ಎಂದಿದ್ದರೆ ಆ ಅಡ್ಡಗೀಟೇ ಎಡವಟ್ಟು: 'ವಿಶೇಷ ಕೋರಿಕೆ' ಜಾಗದಲ್ಲಿ ಬರೆದದ್ದೆಲ್ಲ ಬರೀ ಕೋರಿಕೆ, ಖಾತ್ರಿಯಲ್ಲ.

ಯಾವುದೇ ಆಗಲಿ, ಹೋಗುವ ಒಂದೆರಡು ದಿನ ಮೊದಲು ಹೋಟೆಲಿಗೇ ಫೋನ್ ಮಾಡಿ, ಬುಕಿಂಗ್ ನಂಬರ್ ಹೇಳಿ ಮಂಚ ಬರೆಸಿಡಿ. ತಡರಾತ್ರಿ ತಲುಪಿದವರಿಗೆ ಉಳಿದದ್ದೇ ಗತಿ. ಅಂದಹಾಗೆ, ಕೆಲವೆಡೆ 'ಡಬಲ್' ಎಂದರೆ ಜೋಡಿಸಿಟ್ಟ ಎರಡು ಸಿಂಗಲ್ ಮಂಚ, ಕೇಳಿದರೆ ಬೇರ್ಪಡಿಸಿಕೊಡುತ್ತಾರೆ.